ಮೇಲ್-ಇನ್ ರಿಬೇಟ್ ದುಡ್ಡು ನಾನು ಹೇಗೆ ವಸೂಲಿ ಮಾಡುತ್ತೇನೆ: ನನ್ನ ಅನುಭವ

ಅಮೆರಿಕಕ್ಕೆ ಹೊಸದಾಗಿ ಬಂದವರು ಈಗಲೂ ನನ್ನನ್ನು ಕೇಳುತ್ತಾರೆ, ಟೈರ್ ಅಂಗಡಿಯವನು 80 ಡಾಲರ್ ರಿಬೇಟ್ ಇದೆ ಅಂತಿದ್ದಾನೆ, ನಂಬಬಹುದಾ ಅಂತ. ನಂಬಬಹುದು. ಆದರೆ ಆ ದುಡ್ಡು ತಾನಾಗಿ ಬರುವುದಿಲ್ಲ, ಬೆನ್ನು ಹತ್ತಿ ತರಿಸಿಕೊಳ್ಳಬೇಕು. ನಾನು ಶಿಕಾಗೊ ಹತ್ತಿರದ ಊರಿಗೆ ಬಂದಿದ್ದು 2003ರಲ್ಲಿ. ರೂಟರ್, ಪ್ರಿಂಟರ್, ಹಾರ್ಡ್ ಡಿಸ್ಕ್, ಖಾಲಿ ಸಿಡಿ ಕಟ್ಟು, ಎಲ್ಲದಕ್ಕೂ ರಿಬೇಟ್ ಇದ್ದ ಕಾಲ ಅದು. ಆಗ ಕಲಿತದ್ದು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಜಾಹೀರಾತಿನಲ್ಲಿ ದೊಡ್ಡದಾಗಿ 50 ಡಾಲರ್ ಎಂದು ಇರುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ರಿಬೇಟ್ ಆದ ಮೇಲೆ’ ಅಂತ. ಕೌಂಟರಿನಲ್ಲಿ ನೀವು ಕೊಡುವುದು ಪೂರ್ತಿ 100. ಸೇಲ್ಸ್ ಟ್ಯಾಕ್ಸ್ ಕೂಡ ಆ ನೂರರ ಮೇಲೇ. ಮನೆಗೆ ಬಂದು ಫಾರ್ಮ್ ತುಂಬಿ, ಡಬ್ಬದ ಬಾರ್‌ಕೋಡ್ ಕತ್ತರಿಸಿ, ಬಿಲ್ ಜೊತೆ ಅಂಚೆಗೆ ಹಾಕಿ, ಎಂಟು ಹತ್ತು ವಾರ ಕಾದರೆ, ಅವರಿಗೆ ಎಲ್ಲ ಸರಿ ಕಂಡರೆ, ಉಳಿದ 50 ಡಾಲರ್ ಚೆಕ್ ರೂಪದಲ್ಲಿ ಬರುತ್ತದೆ. ಇಷ್ಟೆಲ್ಲ ಯಾಕೆ, ಕೌಂಟರಿನಲ್ಲೇ 50 ಕಡಿಮೆ ಮಾಡಬಾರದಾ? ಮಾಡಿದರೆ ಎಲ್ಲರಿಗೂ ಕೊಡಬೇಕಾಗುತ್ತದೆ. ಹೀಗಾದರೆ ಕೆಲವರು ಅರ್ಜಿ ಹಾಕುವುದನ್ನೇ ಮರೆಯುತ್ತಾರೆ, ಕೆಲವರ ಅರ್ಜಿ ತಿರಸ್ಕಾರ ಆಗುತ್ತದೆ, ಇನ್ನು ಕೆಲವರು ಬಂದ ಚೆಕ್ಕನ್ನು ಬ್ಯಾಂಕಿಗೆ ಹಾಕುವುದೇ ಇಲ್ಲ. ಜನ ಸೋಲುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿ ಇಟ್ಟ ಬೆಲೆ ಅದು. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಹಾಗಾಗಿ ನಾನು ಬೆಲೆ ನೋಡುವಾಗ ರಿಬೇಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೌಂಟರಿನಲ್ಲಿ ಕೊಡುವ 100ಕ್ಕೆ ಆ ವಸ್ತು ಬೇಕಾ? ಬೇಕು ಅನಿಸಿದರೆ ಮಾತ್ರ ಕೊಳ್ಳುತ್ತೇನೆ. ಯಾಕೆಂದರೆ ದುಡ್ಡು ಕೊಟ್ಟ ಕ್ಷಣದಿಂದ ನೀವು ಆ ಕಂಪನಿಗೆ ಬಡ್ಡಿ ಇಲ್ಲದೆ, ಅಡಮಾನ ಇಲ್ಲದೆ ಸಾಲ ಕೊಟ್ಟ ಹಾಗೆ. ಸೈಬರ್‌ರಿಬೇಟ್ ಅಂತ ಒಂದು ವೆಬ್ ಅಂಗಡಿ ಇತ್ತು. ವಸ್ತುವಿನ ಬೆಲೆಯನ್ನು ಮಾರುಕಟ್ಟೆಗಿಂತ ಎಷ್ಟೋ ಪಟ್ಟು ಏರಿಸಿ, ಪೂರ್ತಿ ದುಡ್ಡನ್ನೂ ರಿಬೇಟ್ ಆಗಿ ವಾಪಸ್ ಕೊಡುತ್ತೇವೆ ಅಂತ ಮಾರುತ್ತಿತ್ತು. 2001ರ ಮೇ ತಿಂಗಳಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಗಟ್ಟಲೆ ಹಾಕಿ ಕೂತಿದ್ದವರು ಕಂಪನಿಗೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಯಿತು. ದೊಡ್ಡ ಅಂಗಡಿ ಅಂದ ತಕ್ಷಣ ಭದ್ರ ಅಂತಲೂ ಅಲ್ಲ. ಕ್ಯೂಪಿಎಸ್ ಅನ್ನುವ ತಯಾರಕರ ಸರಕಿಗೆ ಕಾಂಪ್‌ಯುಎಸ್‌ಎ ಅನ್ನುವ ದೊಡ್ಡ ಕಂಪ್ಯೂಟರ್ ಅಂಗಡಿ ರಿಬೇಟ್ ಜಾಹೀರಾತು ಕೊಡುತ್ತಿತ್ತು. ಆ ದುಡ್ಡು ತಿಂಗಳುಗಟ್ಟಲೆ ತಡವಾಯಿತು, ಎಷ್ಟೋ ಜನಕ್ಕೆ ಬರಲೇ ಇಲ್ಲ. ಕೊನೆಗೆ ಗ್ರಾಹಕರಿಗೆ ಆಗುವ ಮೋಸ ತಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) ಕ್ರಮ ಕೈಗೊಂಡು, 2005ರಲ್ಲಿ ಆ ಅಂಗಡಿ ಗ್ರಾಹಕರಿಗೆ ದುಡ್ಡು ಕೊಡಲು ಒಪ್ಪಿಕೊಳ್ಳಬೇಕಾಯಿತು.

ಇನ್ನು ಬಾರ್‌ಕೋಡ್. ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದ ಜಾಗ ಇದು. ಡಬ್ಬದಿಂದ ಬಾರ್‌ಕೋಡ್ ಕತ್ತರಿಸಿದಿರೋ, ಆ ವಸ್ತುವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೆಟ್ಟಿದ್ದರೆ ನೇರ ತಯಾರಕರ ವಾರಂಟಿಗೆ ಹೋಗಿ ಅಂತಾರೆ. ಕತ್ತರಿಸದೆ ಕಾಯುತ್ತಾ ಕೂತರೆ ಅರ್ಜಿಯ ಕಡೇ ದಿನ ದಾಟಿ ಹೋಗುತ್ತದೆ. ಎರಡು ಗಡುವಿನ ಮಧ್ಯೆ ಸಿಕ್ಕಿಕೊಳ್ಳುವ ಪರಿಸ್ಥಿತಿ. ನಾನು ಮಾಡುವುದು ಇಷ್ಟು: ತಂದ ದಿನವೇ ಬಿಲ್ ನೋಡಿ, ವಾಪಸ್ ಮಾಡುವ ಕಡೇ ದಿನ, ರಿಬೇಟಿನ ಕಡೇ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತೇನೆ. ಅವತ್ತೇ ವಸ್ತುವನ್ನು ಹೊರಗೆ ತೆಗೆದು ಚೆನ್ನಾಗಿ ದುಡಿಸುತ್ತೇನೆ. ಹಾರ್ಡ್ ಡಿಸ್ಕ್ ಆದರೆ ತುಂಬಾ ಫೈಲ್ ಹಾಕಿ ರಾತ್ರಿಯಿಡೀ ಓಡಿಸುತ್ತೇನೆ, ರೂಟರ್ ಆದರೆ ಮನೆಯ ಎಲ್ಲ ಕೋಣೆಯಲ್ಲೂ ಪರೀಕ್ಷೆ ಮಾಡುತ್ತೇನೆ. ಒಂದು ವಾರ ಸರಿಯಾಗಿ ನಡೆದ ಮೇಲೆ ಕತ್ತರಿ ಹಿಡಿಯುತ್ತೇನೆ. ಮನೆಯಲ್ಲಿ ಯಾರೂ ಅಷ್ಟರೊಳಗೆ ಡಬ್ಬ ಬಿಸಾಡದ ಹಾಗೆ ಅದರ ಮೇಲೆ ಕನ್ನಡದಲ್ಲೇ ‘ರಿಬೇಟ್, ಎಸೆಯಬೇಡಿ’ ಅಂತ ಬರೆದಿಡುತ್ತೇನೆ.

ಕೆಲವು ಡಬ್ಬದ ಮೇಲೆ ಎರಡು ಮೂರು ಬಾರ್‌ಕೋಡ್ ಇರುತ್ತವೆ. ಸೀರಿಯಲ್ ನಂಬರಿಂದು ಬೇರೆ, ಯುಪಿಸಿ, ಅಂದರೆ ಅದು ಯಾವ ವಸ್ತು ಅಂತ ಗುರುತಿಸುವ ಬಾರ್‌ಕೋಡ್, ಬೇರೆ. ಅವರಿಗೆ ಬೇಕಾದ್ದು 12 ಅಂಕಿಯ ಯುಪಿಸಿ, ಕೆಲವೊಮ್ಮೆ ಎರಡೂ. ಇನ್ನೊಂದು ಕಷ್ಟ ಇದೆ. ಒಂದೇ ವಸ್ತುವಿಗೆ ತಯಾರಕರ ರಿಬೇಟ್ ಒಂದು, ಅಂಗಡಿಯ ರಿಬೇಟ್ ಒಂದು ಇರುತ್ತದೆ. ಮೂಲ ಬಾರ್‌ಕೋಡ್ ಇರುವುದು ಒಂದೇ ಅಲ್ವಾ? ಯಾವ ಫಾರ್ಮಿನಲ್ಲಿ ಮೂಲ ಕೇಳಿದ್ದಾರೆ, ಯಾವುದರಲ್ಲಿ ಜೆರಾಕ್ಸ್ ನಡೆಯುತ್ತದೆ ಅಂತ ಕತ್ತರಿಸುವ ಮುಂಚೆಯೇ ಓದಿಕೊಳ್ಳಬೇಕು. ಎರಡೂ ಮೂಲವನ್ನೇ ಕೇಳಿದರೆ ದೊಡ್ಡ ಮೊತ್ತದ್ದಕ್ಕೆ ಹಾಕಿ, ಇನ್ನೊಂದನ್ನು ಬಿಟ್ಟುಬಿಡಿ.

ಕಳಿಸುವ ಮೊದಲು ಪ್ರತಿಯೊಂದು ಕಾಗದಕ್ಕೂ ಜೆರಾಕ್ಸ್ ಮಾಡಿಸುತ್ತೇನೆ, ಫೋಟೋ ಕೂಡ ತೆಗೆದಿಡುತ್ತೇನೆ. ಬಿಲ್ ಇರುವುದು ಥರ್ಮಲ್ ಕಾಗದದಲ್ಲಿ, ಕಾರಿನಲ್ಲಿ ಬಿಸಿಲಿಗೆ ಬಿಟ್ಟರೆ ಅಕ್ಷರವೇ ಮಾಯ. ದೊಡ್ಡ ಮೊತ್ತವಾದರೆ ಪೋಸ್ಟ್ ಆಫೀಸಿನ ಕೌಂಟರಿಗೇ ಹೋಗಿ ‘ಸರ್ಟಿಫಿಕೇಟ್ ಆಫ್ ಮೇಲಿಂಗ್’ ತೆಗೆದುಕೊಳ್ಳುತ್ತೇನೆ. ಸರ್ಟಿಫೈಡ್ ಮೇಲ್‌ಗಿಂತ ಅದು ಎಷ್ಟೋ ಅಗ್ಗ. ಇಂಥ ದಿನ ಇಂಥ ವಿಳಾಸಕ್ಕೆ ಕಳಿಸಿದ್ದೀರಿ ಅಂತ ಮುದ್ರೆ ಹಾಕಿ ಕೊಡುತ್ತಾರೆ. ರಸ್ತೆ ಬದಿಯ ನೀಲಿ ಅಂಚೆ ಡಬ್ಬಕ್ಕೆ ಹಾಕಿದರೆ ಮುದ್ರೆ ಮಾರನೇ ದಿನದ್ದೂ ಆಗಬಹುದು, ಕಡೇ ದಿನ ಹತ್ತಿರ ಇದ್ದಾಗ ಅದನ್ನು ನಂಬಲೇಬಾರದು.

ಹೆಸರು, ವಿಳಾಸ ನಮ್ಮವರಿಗೆ ಬೇರೆಯದೇ ತೊಂದರೆ ಕೊಡುತ್ತದೆ. ಊರಿನ ಹೆಸರು, ಅಪ್ಪನ ಹೆಸರು, ನಮ್ಮ ಹೆಸರು, ಎಲ್ಲ ಸೇರಿ ಫಾರ್ಮಿನ ಚೌಕಗಳಲ್ಲಿ ಹಿಡಿಸುವುದಿಲ್ಲ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಬರೆದರೆ ಚೆಕ್ ಯಾವ ಹೆಸರಿಗೆ ಬರುತ್ತದೋ ಹೇಳಕ್ಕಾಗಲ್ಲ. ಬ್ಯಾಂಕ್ ಖಾತೆಯಲ್ಲಿ ಇರುವ ಹೆಸರನ್ನೇ ಎಲ್ಲ ಕಡೆ ಬರೆಯಿರಿ. ನಾಲ್ಕೈದು ಹುಡುಗರು ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ‘ಒಂದು ಮನೆಗೆ ಒಂದೇ’ ಅನ್ನುವ ನಿಯಮ ಅಡ್ಡ ಬರುತ್ತದೆ. ಮೊದಲು ಕಳಿಸಿದವನಿಗೆ ಬರುತ್ತದೆ, ಉಳಿದವರಿಗೆ ತಿರಸ್ಕಾರದ ಕಾರ್ಡ್. ಒಂದೆರಡು ತಿಂಗಳಲ್ಲಿ ಮನೆ ಬದಲಿಸುವವರಿದ್ದರೆ ರಿಬೇಟಿನ ಆಸೆಗೆ ಏನೂ ಕೊಳ್ಳಬೇಡಿ.

ನೀವು ಕಳಿಸುವ ಕವರ್ ತಯಾರಕರ ಹತ್ತಿರ ಹೋಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಅರ್ಜಿ ನೋಡುವುದಕ್ಕೆ ಗುತ್ತಿಗೆ ಪಡೆದ ಬೇರೆ ಕಂಪನಿಗಳಿವೆ. ಹಳಬರಿಗೆ ಮಿನ್ನೆಸೋಟದ ಯಂಗ್ ಅಮೆರಿಕ, ಟೆಕ್ಸಾಸಿನ ಎಲ್ ಪಾಸೊ ಈ ಎರಡು ಊರಿನ ವಿಳಾಸ ಬಾಯಿಪಾಠ ಆಗಿರುತ್ತದೆ. 55555 ಅನ್ನುವ ಪಿನ್ ಕೋಡ್ ಯಂಗ್ ಅಮೆರಿಕದ್ದೇ. ಅರ್ಜಿ ನೋಡುವವರು ತಯಾರಕರಲ್ಲ ಅಂತ ಗೊತ್ತಿದ್ದದ್ದು ಜಗಳ ಬಂದಾಗ ಉಪಯೋಗಕ್ಕೆ ಬಂತು. ಒಂದು ಹಾರ್ಡ್ ಡಿಸ್ಕಿನ ರಿಬೇಟಿಗೆ ಎರಡು ತಿಂಗಳಾದ ಮೇಲೆ ‘ಬಾರ್‌ಕೋಡ್ ಸಿಕ್ಕಿಲ್ಲ’ ಅಂತ ಕಾರ್ಡ್ ಬಂತು. ನಾನೇ ಅಂಟಿಸಿ ಕಳಿಸಿದ್ದೆ, ಜೆರಾಕ್ಸ್ ಕೈಯಲ್ಲೇ ಇತ್ತು. ಫೋನ್ ಮಾಡಿದೆ, ಪ್ರತಿ ಕಳಿಸಿ ಅಂದರು, ಕಳಿಸಿದೆ. ಮತ್ತೆ ಕೆಲವು ವಾರ ಕಾಯಿಸಿ ಈ ಸಲ ‘ಗಡುವು ಮುಗಿದ ಮೇಲೆ ಬಂದಿದೆ’ ಅಂದರು. ಎರಡನೇ ಸಲ ಕಳಿಸಿದ ಪ್ರತಿಯ ದಿನಾಂಕವನ್ನೇ ಹೊಸ ಅರ್ಜಿ ಅಂತ ಹಿಡಿದುಕೊಂಡಿದ್ದರು! ಅಲ್ಲಿ ವಾದ ಮಾಡುವುದು ಸುಮ್ನೆ ಟೈಮ್ ದಂಡ. ನೇರ ತಯಾರಕರ ಗ್ರಾಹಕ ವಿಭಾಗಕ್ಕೆ ಎಲ್ಲ ಪ್ರತಿಗಳನ್ನೂ, ಪೋಸ್ಟ್ ಆಫೀಸಿನ ಮುದ್ರೆಯ ಕಾಗದವನ್ನೂ ಇಟ್ಟು ಪತ್ರ ಬರೆದೆ. ಉತ್ತರ ಬರದಿದ್ದರೆ ಗ್ರಾಹಕರ ದೂರು ತೆಗೆದುಕೊಳ್ಳುವ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಎಫ್‌ಟಿಸಿಗೂ ದೂರು ಕೊಡುತ್ತೇನೆ ಅಂತ ಕೊನೇ ಸಾಲಿನಲ್ಲಿ ಸೇರಿಸಿದೆ. ಚೆಕ್ ಬಂತು, ಕ್ಷಮೆ ಕೇಳುವ ಪತ್ರ ಬರಲಿಲ್ಲ. ಜೆರಾಕ್ಸ್ ಇಲ್ಲದವರು ಇಂಥ ಕಡೆ ಏನು ಮಾಡಬೇಕು ಹೇಳಿ?

ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಬೆಸ್ಟ್ ಬೈ ಅಂಗಡಿ 2005ರಲ್ಲೇ ಇಂಥ ರಿಬೇಟನ್ನು ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆ ಅಂತ ಹೇಳಿತು, ಜನ ಅಷ್ಟು ಬೇಸತ್ತಿದ್ದರು. ಕನೆಕ್ಟಿಕಟ್ ರಾಜ್ಯದಲ್ಲಿ ಕೌಂಟರಿನಲ್ಲೇ ರಿಬೇಟ್ ಕೊಡದ ಅಂಗಡಿ, ರಿಬೇಟ್ ಕಳೆದ ಬೆಲೆಯನ್ನು ಅಂತಿಮ ಬೆಲೆ ಅಂತ ಜಾಹೀರಾತು ಮಾಡುವ ಹಾಗಿಲ್ಲ. ಈ ಕಾನೂನು ಎಲ್ಲ ರಾಜ್ಯದಲ್ಲೂ ಬರಬೇಕು ಅಂತ ನನ್ನ ಆಸೆ. ಈಗ ಟೈರ್, ಕಾಂಟ್ಯಾಕ್ಟ್ ಲೆನ್ಸ್, ಮನೆಯ ದೊಡ್ಡ ಯಂತ್ರಗಳು, ನಮ್ಮ ಮಿಡ್‌ವೆಸ್ಟಿನಲ್ಲಿ ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಮೆನಾರ್ಡ್ಸ್ ಅಂಗಡಿಯ 11%, ಇಂಥ ಕಡೆ ರಿಬೇಟ್ ಉಳಿದುಕೊಂಡಿದೆ. ಆ 11% ಕೂಡ ಬ್ಯಾಂಕಿಗೆ ಹಾಕುವ ದುಡ್ಡಲ್ಲ, ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಕ್ರೆಡಿಟ್. ಬಹಳ ಕಡೆ ಈಗ ಬಿಲ್ ಫೋಟೋ ಅಪ್‌ಲೋಡ್ ಮಾಡಿದರೆ ಸಾಕು. ಅರ್ಜಿ ನಂಬರ್ ಬರುವ ಪರದೆಯ ಸ್ಕ್ರೀನ್‌ಶಾಟ್ ಮಾತ್ರ ತಪ್ಪದೆ ತೆಗೆದುಕೊಳ್ಳಿ.

ದುಡ್ಡು ಬಂದ ಮೇಲೂ ಎಚ್ಚರ ಬೇಕು. ಹಿಂದೆ ಚೆಕ್ ಬರುತ್ತಿದ್ದದ್ದು ಪೋಸ್ಟ್‌ಕಾರ್ಡ್ ರೂಪದಲ್ಲಿ, ನೋಡಿದರೆ ಯಾವುದೋ ಜಾಹೀರಾತು ಅನಿಸುತ್ತಿತ್ತು. ರಿಬೇಟ್ ಕಾಯುವ ತಿಂಗಳುಗಳಲ್ಲಿ ಒಂದು ಕಾಗದವನ್ನೂ ನೋಡದೆ ಕಸಕ್ಕೆ ಹಾಕಬೇಡಿ. ಈಗ ಜಾಸ್ತಿ ಬರುವುದು ಪ್ರೀಪೇಯ್ಡ್ ಕಾರ್ಡ್. ಅದಕ್ಕೆ ಮುಗಿಯುವ ದಿನಾಂಕ ಇರುತ್ತದೆ. ಪೆಟ್ರೋಲ್ ಪಂಪಿನಲ್ಲಿ ಉಜ್ಜಿದರೆ ಇರುವುದಕ್ಕಿಂತ ಜಾಸ್ತಿ ದುಡ್ಡು ತಡೆಹಿಡಿಯಲು ನೋಡಿ ಕಾರ್ಡ್ ನಡೆಯುವುದೇ ಇಲ್ಲ. ಅಂಗಡಿಗಳಲ್ಲಿ ಖರ್ಚು ಮಾಡುತ್ತಾ ಹೋದರೆ ಕೊನೆಗೆ ಮೂರು ಡಾಲರ್ ನಲವತ್ತು ಸೆಂಟ್ ಅಂತ ಉಳಿದು ಹಾಗೇ ಸಾಯುತ್ತದೆ. ಅದಕ್ಕೇ ಕಾರ್ಡ್ ಬಂದ ದಿನವೇ ಆಕ್ಟಿವೇಟ್ ಮಾಡಿ, ನಾನು ಹೇಗೂ ಸಾಮಾನು ತರಿಸುವ ಆನ್‌ಲೈನ್ ಅಂಗಡಿಯ ಗಿಫ್ಟ್ ಬ್ಯಾಲೆನ್ಸಿಗೆ ಸೆಂಟ್ ಸಮೇತ ಪೂರ್ತಿ ಮೊತ್ತ ಹಾಕಿಬಿಡುತ್ತೇನೆ. ಬ್ಯಾಲೆನ್ಸ್ ಸೊನ್ನೆ ಆದದ್ದನ್ನು ನೋಡಿದ ಮೇಲೆಯೇ ಆ ವಸ್ತುವಿನ ಜೆರಾಕ್ಸ್‌ಗಳನ್ನು ಹರಿದು ಹಾಕುತ್ತೇನೆ.