ತಗತೆ ಸೊಪ್ಪು: ಎಳೆಯದಿದ್ದಾಗ ಪಲ್ಯಕ್ಕೆ, ಬಲಿತ ಮೇಲೆ ಬೀಜಕ್ಕೆ

ಜುಲೈ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಸಂತೆಗಳಲ್ಲಿ ಒಂದು ಸೊಪ್ಪನ್ನು ಕಟ್ಟು ಕಟ್ಟಿ ಮಾರುತ್ತಾರೆ. ಅದೇ ಗಿಡ ಅದೇ ಹೊತ್ತಿಗೆ ಬೆಂಗಳೂರಿನ ಖಾಲಿ ಸೈಟಿನಲ್ಲಿ, ಬಯಲುಸೀಮೆಯ ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ ಯಾರಿಗೂ ಬೇಡದ ಕಳೆಯಾಗಿ ಮೊಣಕಾಲೆತ್ತರ ಬೆಳೆದಿರುತ್ತದೆ. ತಗತೆ, ಚಗತೆ, ತಗಚೆ, ಹೀಗೆ ಊರಿಗೊಂದು ಹೆಸರು. ತುಳುವರಿಗೆ ತಜಂಕ್, ಕೊಂಕಣಿಗರಿಗೆ ತಾಯ್ಕಿಳೊ. ಎಲೆ ಹಿಸುಕಿದರೆ ಒಂಥರಾ ಕೆಟ್ಟ ವಾಸನೆ. ದನಗಳೂ ಸಾಮಾನ್ಯವಾಗಿ ಮೂಸಿ ನೋಡಿ ಮುಂದೆ ಹೋಗುತ್ತವೆ.

ಈ ಗಿಡದ ವಿಷಯದಲ್ಲಿ ಹೇಗೆ ಬಳಸಬೇಕು ಎಂಬುದಕ್ಕಿಂತ ಯಾವಾಗ ಎಂಬುದೇ ದೊಡ್ಡದು. ಮೊದಲ ಮಳೆ ಬಿದ್ದಾಗಿನಿಂದ ತುಳುವರ ಆಟಿ ತಿಂಗಳು ಮುಗಿಯುವ ತನಕ, ಅಂದರೆ ಆಗಸ್ಟ್ ನಡುಭಾಗದವರೆಗೆ, ಅದು ಸೊಪ್ಪು. ನವೆಂಬರ್ ಮೇಲೆ ಅದು ಬೀಜ. ನಡುವಿನ ತಿಂಗಳುಗಳಲ್ಲಿ ಎಲೆಗೆ ನಾರು ಬರುತ್ತದೆ, ಕಹಿ ಏರುತ್ತದೆ, ಹೂವು ತುಂಬಿಕೊಳ್ಳುತ್ತದೆ. ಆಗ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ. ಸೆಪ್ಟೆಂಬರಿನಲ್ಲಿ ಬಲಿತ ಸೊಪ್ಪು ತಂದು ಪಲ್ಯ ಮಾಡಿ ‘ಇದೇನು ಇಷ್ಟು ಕಹಿ’ ಎಂದು ಮುಖ ಸಿಂಡರಿಸುವವರು ಜಾಸ್ತಿ. ಅದು ಅಡುಗೆಯ ತಪ್ಪಲ್ಲ, ಕ್ಯಾಲೆಂಡರಿನ ತಪ್ಪು.

ಮೊದಲು ಗುರುತು ಹಿಡಿಯಿರಿ

ಒಂದು ಎಲೆದಂಟು ಕಿತ್ತು ಕೈಯಲ್ಲಿ ಹಿಡಿದು ನೋಡಿ. ತಗತೆಯಲ್ಲಿ ಎದುರುಬದುರಾಗಿ ಮೂರು ಜೋಡಿ ಎಲೆಗಳಿರುತ್ತವೆ. ಎಲೆಯ ತುದಿ ಮೊನಚಲ್ಲ, ದುಂಡಗೆ, ತುದಿಯ ಕಡೆಗೇ ಅಗಲ. ಕೆಳಗಿನ ಜೋಡಿಗಳ ನಡುವೆ ದಂಟಿನ ಮೇಲೆ ಸಣ್ಣ ಮೊಳೆಯಂಥ ಗ್ರಂಥಿ ಕಾಣುತ್ತದೆ. ಸಂಜೆಯಾದರೆ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಹೂವು ಹಳದಿ, ಐದು ಎಸಳು. ಕಾಯಿ ತೆಳ್ಳಗೆ ಉದ್ದವಾಗಿ, ಸ್ವಲ್ಪ ಕುಡುಗೋಲಿನ ಹಾಗೆ ಬಾಗಿರುತ್ತದೆ.

ಇಷ್ಟು ಯಾಕೆ ನೋಡಬೇಕೆಂದರೆ ಇದರದೇ ಕುಲದ ಇನ್ನೊಂದು ಗಿಡ ಪಕ್ಕದಲ್ಲೇ ಬೆಳೆದಿರುತ್ತದೆ. ಕೆಲವರು ಅದಕ್ಕೆ ದೊಡ್ಡ ತಗಚೆ ಎನ್ನುತ್ತಾರೆ. ಅದರ ಹೂವೂ ಹಳದಿ, ಅದೂ ನಾರುತ್ತದೆ. ಹಾಗಾಗಿ ವಾಸನೆ ನಂಬಬೇಡಿ, ಎಲೆ ಎಣಿಸಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಜೋಡಿ, ಎಲೆಯ ತುದಿ ಚೂಪು, ಗ್ರಂಥಿ ಇರುವುದು ಎಲೆಗಳ ನಡುವೆ ಅಲ್ಲ, ದಂಟು ಕಾಂಡಕ್ಕೆ ಸೇರುವ ಬುಡದ ಹತ್ತಿರ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಳ್ಳಿಯ ಪುಟ್ಟ ಮಕ್ಕಳು ಆ ಗಿಡದ ಕಾಯಿ, ಬೀಜ ತಿಂದು ಯಕೃತ್ತು, ಸ್ನಾಯು, ಮೆದುಳಿಗೆ ಪೆಟ್ಟು ಬಿದ್ದು ಸತ್ತಿದ್ದಾರೆ. ವರ್ಷಗಳ ಕಾಲ ಅದನ್ನು ಮೆದುಳು ಜ್ವರ ಅಂದುಕೊಂಡಿದ್ದರು. ಆಮೇಲೆ ವೈದ್ಯರು ಹುಡುಕಿ ನೋಡಿದಾಗ ಕಾರಣ ಈ ಬೀಜ ಎಂದು ಗೊತ್ತಾಯಿತು. ಮೂರು ಜೋಡಿ ಎಲೆ ಕಾಣದಿದ್ದರೆ ಮುಟ್ಟಬೇಡಿ, ಇದರಲ್ಲಿ ರಾಜಿಯೇ ಇಲ್ಲ.

ಎಲ್ಲಿ ಕೀಳಬಾರದು

ರಸ್ತೆ ಬದಿ, ಚರಂಡಿ ಅಂಚು, ಕಳೆನಾಶಕ ಹೊಡೆದ ಜಾಗ ಬೇಡ ಎಂದು ಹೇಳಬೇಕಾಗಿಲ್ಲ. ಕರಾವಳಿ, ಮಲೆನಾಡಿನವರು ಇನ್ನೊಂದನ್ನೂ ಗಮನಿಸಬೇಕು. ಮಳೆಗಾಲದಲ್ಲೇ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು. ಮೈಲುತುತ್ತು ಮತ್ತು ಸುಣ್ಣ ಎರಡೂ ಮರದಿಂದ ತೊಟ್ಟಿಕ್ಕಿ ಕೆಳಗಿನ ಸೊಪ್ಪಿನ ಮೇಲೆ ಬೀಳುತ್ತವೆ. ಹೊಡೆದ ತೋಟದೊಳಗಿನ ತಗತೆ ಎಷ್ಟು ಚೆಂದ ಕಂಡರೂ ಬಿಡಿ, ಗುಡ್ಡದ ಬದಿಗೆ ಹೋಗಿ.

ಗೇಣುದ್ದದ ಗಿಡವಾದರೆ ತುದಿಯ ನಾಲ್ಕೈದು ದಂಟು ಚಿವುಟಿ. ಬುಡಸಮೇತ ಕೀಳದಿದ್ದರೆ ವಾರದೊಳಗೆ ಮತ್ತೆ ಚಿಗುರುತ್ತದೆ. ಎಲೆಯ ಹಿಂಬದಿ ನೋಡಿ, ತೆಳು ಹಸಿರಿನ ಹುಳ ಇದ್ದೀತು. ಬಿಳಿ-ಹಳದಿ ಚಿಟ್ಟೆಗಳು ಮೊಟ್ಟೆ ಇಡುವುದು ಇದೇ ಗಿಡದಲ್ಲಿ, ಆ ದಂಟನ್ನು ಅವಕ್ಕೇ ಬಿಟ್ಟರೆ ನಿಮಗೇನೂ ನಷ್ಟವಿಲ್ಲ.

ಪಲ್ಯ, ಹಲಸಿನ ಬೀಜ ಹಾಕಿ

ನನ್ನ ಪ್ರಕಾರ ತಗತೆಯ ಎಲ್ಲ ಉಪಯೋಗಗಳಲ್ಲಿ ಇದೇ ಮೇಲು, ಮಿಕ್ಕಿದ್ದೆಲ್ಲ ಆಮೇಲೆ. ಆಟಿಯಲ್ಲಿ ಸುರಿಯುವ ಮಳೆಗೆ ತರಕಾರಿ ನಿಲ್ಲುವುದಿಲ್ಲ, ಹಿಂದೆ ಮನೆಯ ಅಕ್ಕಿಯೂ ತಳ ಕಾಣುವ ಕಾಲ ಅದು. ಆಗ ಅಂಗಳದಾಚೆ ತಾನಾಗಿ ಹುಟ್ಟುವ ಕೆಸು, ಕಣಿಲೆ (ಎಳೆ ಬಿದಿರು), ತಜಂಕ್ ಮತ್ತು ಬೇಸಿಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ ಇವೇ ಊಟ. ರುಚಿಯೂ ಹಾಗೇ ಕೂಡಿಬಂದಿದೆ.

ನಾಲ್ಕು ಜನಕ್ಕೆ ಹೆಚ್ಚಿದ ಸೊಪ್ಪು ನಾಲ್ಕು ಕಪ್ ಬೇಕು, ಬೆಂದ ಮೇಲೆ ಅದು ಒಂದೂವರೆ ಕಪ್ಪಿಗೆ ಇಳಿಯುತ್ತದೆ. ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿಕೊಳ್ಳಿ. ಎರಡು ಮೂರು ನೀರಿನಲ್ಲಿ ತೊಳೆದು ಸಣ್ಣಗೆ ಹೆಚ್ಚಿ. ಹದಿನೈದು ಇಪ್ಪತ್ತು ಹಲಸಿನ ಬೀಜವನ್ನು ಜಜ್ಜಿ, ಮೇಲಿನ ಬಿಳಿ ಸಿಪ್ಪೆ ತೆಗೆದು, ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ. ಒಳಗಿನ ಕಂದು ಸಿಪ್ಪೆ ಹಾಗೇ ಇರಲಿ.

ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಮೂರು ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ ಏಳೆಂಟು ಎಸಳು ಹಾಕಿ. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಸೊಪ್ಪು ಸುರಿದು, ಚಿಟಿಕೆ ಅರಿಶಿನ ಮತ್ತು ಉಪ್ಪು ಹಾಕಿ, ಕಾಲು ಕಪ್ ನೀರು ಚಿಮುಕಿಸಿ ಮುಚ್ಚಿಡಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಕು. ಮೊದಲು ಆ ಹಸಿ ವಾಸನೆ ಅಡುಗೆಮನೆ ತುಂಬಾ ಹಬ್ಬುತ್ತದೆ, ಹೆದರಬೇಡಿ, ಬೆಂದ ಹಾಗೆ ಅದು ಹೋಗುತ್ತದೆ. ಕೊನೆಗೆ ಬೇಯಿಸಿದ ಬೀಜ, ಅರ್ಧ ಕಪ್ ತೆಂಗಿನತುರಿ, ಬೇಕಿದ್ದರೆ ಚೂರು ಬೆಲ್ಲ ಹಾಕಿ ಐದು ನಿಮಿಷ ಕೆದಕಿ ಇಳಿಸಿ. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಎಲೆ ಸ್ವಲ್ಪ ಬಲಿತಿದೆ ಅನ್ನಿಸಿದರೆ ಮೊದಲು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ, ಆ ನೀರು ಚೆಲ್ಲಿ, ಹಿಂಡಿ ಬಳಸಿ.

ಕರಿದ ತಿಂಡಿ ಬೇಕೆನ್ನುವವರಿಗೆ ಅಂಬಡೆ ಇದೆ. ಅಕ್ಕಿ ಮತ್ತು ಸ್ವಲ್ಪ ತೊಗರಿಬೇಳೆ ನೆನೆಸಿ, ತೆಂಗಿನತುರಿ, ಒಣಮೆಣಸು, ಹುಣಸೆ, ಇಂಗು ಸೇರಿಸಿ ನೀರು ಕಡಿಮೆ ಹಾಕಿ ತರಿತರಿ ರುಬ್ಬಿ, ಹೆಚ್ಚಿದ ಸೊಪ್ಪು ಕಲಸಿ, ಸಣ್ಣ ಸಣ್ಣ ಉಂಡೆ ಎಣ್ಣೆಗೆ ಬಿಡುವುದು. ಅದೇ ಹಿಟ್ಟನ್ನು ಕಾವಲಿಯ ಮೇಲೆ ತಟ್ಟಿದರೆ ದಪ್ಪ ದೋಸೆಯೂ ಆಗುತ್ತದೆ.

ತಗತೆ ಉಷ್ಣ, ಮಳೆಗಾಲದಲ್ಲಿ ಮೈ ಬೆಚ್ಚಗಿಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೊಟ್ಟೆ ಸಡಿಲ ಮಾಡುವುದಂತೂ ನಿಜ. ಅಂಗಡಿಯಲ್ಲಿ ಭೇದಿಯಾಗಲೆಂದು ಕೊಡುವ ಸೋನಾಮುಖಿ ಇದರ ಹತ್ತಿರದ ನೆಂಟ. ಎರಡರಲ್ಲೂ ಆಂಥ್ರಾಕ್ವಿನೋನ್ ಎಂಬ ಜಾತಿಯ ಅಂಶಗಳಿವೆ, ಕರುಳನ್ನು ಕೆಣಕುವುದು ಅವೇ. ವಾರಕ್ಕೆ ಒಂದೆರಡು ಸಲ ಪಲ್ಯ ತಿಂದರೆ ಮಲಬದ್ಧತೆಗೆ ಹಿತ. ದಿನಾ ಬೇಡ. ಮೊದಲೇ ಹೊಟ್ಟೆ ಕೆಟ್ಟಿರುವವರಿಗೆ, ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬೇಡವೇ ಬೇಡ.

ಬೀಜ ಕೂಡಿಡುವುದು

ನವೆಂಬರ್-ಡಿಸೆಂಬರ್ ಹೊತ್ತಿಗೆ ಕಾಯಿ ಕಂದಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಯ್ಯಲು ಹೋದರೆ ಕಾಯಿ ಸಿಡಿದು ಬೀಜವೆಲ್ಲ ನೆಲದ ಪಾಲು. ಬೆಳಗ್ಗೆ ಇಬ್ಬನಿ ಇರುವಾಗಲೇ ಗಿಡ ಕತ್ತರಿಸಿ ಟಾರ್ಪಾಲಿನ ಮೇಲೆ ಹರಡಿ. ಎರಡು ಮೂರು ದಿನ ಒಣಗಿಸಿ, ಕೋಲಿನಿಂದ ಬಡಿದು, ಮೊರದಲ್ಲಿ ಕೇರಿ. ಸಿಗುವ ಬೀಜ ಕಂದು ಬಣ್ಣದ್ದು, ಹೊಳಪಿನದ್ದು, ಮೂಲೆ ಮೂಲೆಯಾಗಿ ಕತ್ತರಿಸಿದ ಹಾಗಿರುತ್ತದೆ. ಚಪ್ಪಟೆಯಾಗಿ ಮಂಕಾಗಿದ್ದರೆ ಅದು ಆ ಇನ್ನೊಂದು ಗಿಡದ್ದು, ಎಸೆಯಿರಿ.

ಈ ಬೀಜಕ್ಕೆ ಹೊರಗೆ ಒಳ್ಳೆಯ ವ್ಯಾಪಾರವಿದೆ. ಮಧ್ಯಪ್ರದೇಶ, ಛತ್ತೀಸಗಢದ ಹಳ್ಳಿಗರು ಇದನ್ನು ಬಡಿದು ಮಾರುತ್ತಾರೆ. ಬೀಜದೊಳಗಿನ ಅಂಟು ಪದಾರ್ಥ ತೆಗೆದು ನಾಯಿ, ಬೆಕ್ಕಿನ ಡಬ್ಬಿ ಆಹಾರ ಗಟ್ಟಿಯಾಗಿ ನಿಲ್ಲಲು ಬೆರೆಸುತ್ತಾರೆ. ನಮ್ಮ ಹಿತ್ತಲಿನ ಕಳೆಯನ್ನು ಯುರೋಪಿನ ಬೆಕ್ಕುಗಳು ತಿನ್ನುತ್ತಿವೆ, ನಾವು ಕಿತ್ತು ಬಿಸಾಕುತ್ತಿದ್ದೇವೆ! ದಕ್ಷಿಣ ಭಾರತದಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುವವರೂ ಹಿಂದಿನಿಂದ ಈ ಬೀಜ ಬೇಯಿಸಿ, ಸುಣ್ಣದ ಜೊತೆ ನೀಲಿಯ ತೊಟ್ಟಿಗೆ ಹಾಕಿ ಹುಳಿ ಬರಿಸುತ್ತಿದ್ದರು. ನೀರಿನಲ್ಲಿ ಕರಗದ ನೀಲಿ ಆಗ ಕರಗಿ ಬಟ್ಟೆಗೆ ಹಿಡಿಯುತ್ತದೆ.

ಹುರಿದ ಪುಡಿ

ಚೀನಾ, ಕೊರಿಯಾ, ಜಪಾನಿನಲ್ಲಿ ಈ ಗಿಡದ ಮತ್ತು ಇದನ್ನೇ ಹೋಲುವ ಸೋದರ ಗಿಡದ ಬೀಜ ಹುರಿದು ಚಹಾದಂತೆ ಕುಡಿಯುತ್ತಾರೆ. ನಮ್ಮಲ್ಲೂ ಕಾಫಿಗೆ ಬದಲಿಯಾಗಿ ಬಳಸಿದವರಿದ್ದಾರೆ. ಕೆಫೀನ್ ಇಲ್ಲ, ಹಾಗಾಗಿ ರಾತ್ರಿ ಕುಡಿದರೂ ನಿದ್ದೆ ಕೆಡುವುದಿಲ್ಲ. ಆದರೆ ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಅಂದುಕೊಂಡು ಬಾಯಿಗಿಟ್ಟರೆ ನಿರಾಸೆ ಖಂಡಿತ. ಸುಟ್ಟ ಕಾಳಿನ ಪರಿಮಳ, ಚೂರು ಕಹಿ, ಅಷ್ಟೇ.

ದಪ್ಪ ತಳದ ಬಾಣಲೆಯಲ್ಲಿ ಒಂದು ಕಪ್ ಬೀಜ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಚಟಪಟ ಸಿಡಿದು, ಬಣ್ಣ ಗಾಢವಾಗಿ, ಕಾಫಿಯಂಥ ವಾಸನೆ ಬರಲು ಹತ್ತು ಹದಿನೈದು ನಿಮಿಷ ಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ ಡಬ್ಬಿಗೆ ತುಂಬಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಮೂರು ನಿಮಿಷ ಕುದಿ, ಶೋಧಿಸಿ, ಹಾಲು ಬೆಲ್ಲ ನಿಮ್ಮಿಷ್ಟ. ಜಾಸ್ತಿ ಹೊತ್ತು ಕುದಿಸಿದರೆ ಅದೇ ಅಂಟಿನಿಂದ ಲೋಳೆಯಾಗುತ್ತದೆ. ಹುರಿಯುವುದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಭೇದಿ ಮಾಡಿಸುವ ಅಂಶ ಕಡಿಮೆಯಾಗುವುದು ಆ ಬಿಸಿಗೇ. ಹಸಿ ಬೀಜದ ಪುಡಿಯನ್ನು ನೀರಿಗೆ ಹಾಕಿ ಕುಡಿಯುವ ಸಲಹೆ ಎಲ್ಲಾದರೂ ಕಂಡರೆ ಪಾಲಿಸಬೇಡಿ. ದಿನಕ್ಕೆ ಒಂದು ಲೋಟ ಸಾಕು. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಹುಳುಕಡ್ಡಿಗೆ ಲೇಪ

ಆಯುರ್ವೇದದಲ್ಲಿ ಇದಕ್ಕೆ ಚಕ್ರಮರ್ದ ಎಂಬ ಹೆಸರು, ಮುಖ್ಯ ಬಳಕೆ ಚರ್ಮದ ಮೇಲೆ ದುಂಡಗೆ ಹಬ್ಬುವ ಹುಳುಕಡ್ಡಿಗೆ. ಬೀಜ, ಎಲೆಗಳಲ್ಲಿರುವ ಕ್ರೈಸೊಫೆನಾಲ್‌ನಂಥ ಅಂಶಗಳು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತವೆ, ಹಾಗಾಗಿ ಇದು ಬರೀ ನಂಬಿಕೆಯಲ್ಲ. ಆದರೆ ಇದು ಸಣ್ಣ, ಹೊಸ ಕಲೆಗೆ ಮಾತ್ರ.

ಎರಡು ಚಮಚ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ನುಣ್ಣಗೆ ಅರೆಯಿರಿ. ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಿರಿ. ಉರಿ, ಕೆಂಪು ಬಂದರೆ ನಿಮಗಿದು ಆಗುವುದಿಲ್ಲ. ಬರದಿದ್ದರೆ ಕಲೆಯ ಮೇಲೂ ಸುತ್ತ ಒಂದು ಬೆರಳಗಲವೂ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು, ಚೆನ್ನಾಗಿ ಒರೆಸಿ. ದಿನಕ್ಕೊಮ್ಮೆ, ಪ್ರತಿ ಸಲ ಹೊಸದಾಗಿ ಅರೆದದ್ದು. ಮುಖ, ತೊಡೆಸಂದು, ಗಾಯವಾದ ಚರ್ಮಕ್ಕೆ ಬೇಡ. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ಹಾಕಿಕೊಂಡು ಯಾವ ಲೇಪ ಹಚ್ಚಿದರೂ ಪ್ರಯೋಜನವಿಲ್ಲ. ಒಳಬಟ್ಟೆ, ಟವೆಲ್ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಹಾಕಿ, ಮನೆಮಂದಿಯೆಲ್ಲ ಒಂದೇ ಟವೆಲ್ ಬಳಸುವುದನ್ನು ನಿಲ್ಲಿಸಿ.

ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಅಥವಾ ಹಬ್ಬುತ್ತಿದ್ದರೆ ಚರ್ಮವೈದ್ಯರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿಕೊಳ್ಳಬೇಡಿ. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಈಗ ದೇಶದ ಎಲ್ಲೆಡೆ ಹುಳುಕಡ್ಡಿ ಮೊಂಡು ಬಿದ್ದಿರುವುದಕ್ಕೆ ಆ ಮುಲಾಮುಗಳೂ ಒಂದು ಕಾರಣ.

ಪಾರ್ಥೇನಿಯಂ ಮೇಲೆ ಬಿಡಿ

ಉಳಿದ ಬೀಜಕ್ಕೆ ಬಯಲುಸೀಮೆಯವರಿಗೆ ಒಳ್ಳೆಯ ಕೆಲಸವಿದೆ. ಒತ್ತಾಗಿ ಬೆಳೆಯುವ ತಗತೆ ಪಾರ್ಥೇನಿಯಂಗೆ, ಅದೇ ನಮ್ಮ ಕಾಂಗ್ರೆಸ್ ಗಿಡಕ್ಕೆ, ಬಿಸಿಲು ಸಿಗದ ಹಾಗೆ ಮಾಡುತ್ತದೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪಾಳು ಜಾಗಗಳಿಗೆ ಈ ಉಪಾಯವನ್ನು ಸೂಚಿಸುತ್ತದೆ. ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಎಸೆದರೆ ಎಷ್ಟೋ ಬೀಜ ಆ ವರ್ಷ ಏಳುವುದೇ ಇಲ್ಲ. ಒರಟು ಮರಳಿನ ಜೊತೆ ಗೋಣಿಚೀಲದಲ್ಲಿ ಹಾಕಿ ಉಜ್ಜಿ, ಏಪ್ರಿಲ್-ಮೇನಲ್ಲಿ, ಮುಂಗಾರಿಗೆ ಮೊದಲೇ, ಪಾರ್ಥೇನಿಯಂ ಕಿತ್ತ ಜಾಗಕ್ಕೆ ಒತ್ತಾಗಿ ಚೆಲ್ಲಿ. ಅದನ್ನು ಹೂವಿಗೆ ಮೊದಲೇ, ಕೈಗವಸು ಹಾಕಿಕೊಂಡು ಕಿತ್ತಿರಬೇಕು. ಒಂದು ಮಳೆಗಾಲಕ್ಕೆ ಪೂರ್ತಿ ಹೋಗುವುದಿಲ್ಲ, ಎರಡು ಮೂರು ವರ್ಷ ಬಿಡದೆ ಮಾಡಬೇಕು.

ಇದನ್ನು ಸೈಟು, ರಸ್ತೆಯ ಅಂಚು, ಪಾಳು ಜಾಗಕ್ಕೆ ಮಾತ್ರ ಮಾಡಿ. ಉಳುವ ಹೊಲ, ಗೋಮಾಳಕ್ಕೆ ಚೆಲ್ಲಬೇಡಿ. ದನ ತಿನ್ನದ ಗಿಡ ಹುಲ್ಲಿನ ಜಾಗ ನುಂಗಿದರೆ ಅಕ್ಕಪಕ್ಕದವರು ಸುಮ್ನೆ ಬಿಡುವುದಿಲ್ಲ. ಹಿತ್ತಲಿನಲ್ಲಿ ಬೇಕಾದವರು ಪಲ್ಯಕ್ಕೆ ಸಾಕಾಗುವ ಹತ್ತಿಪ್ಪತ್ತು ಗಿಡ ಬಿಟ್ಟು, ಮಿಕ್ಕಿದ್ದನ್ನು ಅಕ್ಟೋಬರಿನಲ್ಲಿ ಕಾಯಿ ಹಸಿರಿರುವಾಗಲೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಲಿ.