ಷರಾ ಕಾಲಂನಲ್ಲಿ ಒಂದು ವಾರ

ನಮ್ಮ ಮನೆಯಲ್ಲಿ ಮಳೆ ಪುಸ್ತಕ ಅಂತ ಒಂದಿದೆ. ಉದ್ದನೆಯ ರಿಜಿಸ್ಟರು. ತಾರೀಕು, ಇಂಚು, ಸೆಂಟು, ಷರಾ ಅಂತ ನಾಲ್ಕು ಕಾಲಂ. ಕೊಡಗಿನಲ್ಲಿ ತೋಟ ಇರುವ ಮನೆಗಳಿಗೆ ಇದೇನೂ ಹೊಸದಲ್ಲ. ಮಿಲಿಮೀಟರ್ ಲೆಕ್ಕವೆಲ್ಲ ಹವಾಮಾನದವರಿಗೆ. ನಮಗೆ ಇವತ್ತಿಗೂ ಇಂಚು, ಇಂಚಿನ ನೂರರಲ್ಲೊಂದು ಭಾಗಕ್ಕೆ ಸೆಂಟು. ಮಳೆಗಾಲದಲ್ಲಿ ಯಾರಾದರೂ ಫೋನ್ ಮಾಡಿದರೆ 'ಚೆನ್ನಾಗಿದ್ದೀರಾ' ಅನ್ನೋದಕ್ಕೂ ಮೊದಲು 'ನಿಮ್ಮಲ್ಲಿ ಎಷ್ಟಾಯ್ತು' ಅಂತಲೇ ಕೇಳೋದು.

ಆ ಷರಾ ಕಾಲಂ ಹೆಚ್ಚು ಕಡಿಮೆ ಖಾಲಿ ಇರುತ್ತಿತ್ತು. ಅಪ್ಪ ಎಲ್ಲೋ ಒಂದೊಂದು ಕಡೆ 'ಗಾಳಿ', 'ಕರೆಂಟ್ ಇಲ್ಲ', 'ಹೂ ಮಳೆ' (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಅಂತ ಬರೆದಿದ್ದಾರೆ, ಅಷ್ಟೇ. ಎರಡು ವರ್ಷದಿಂದ ನಾನು ಅಲ್ಲಿ ಓದಿದ್ದು, ಕಂಡಿದ್ದು ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ದಪ್ಪ ನೋಟ್‌ಬುಕ್ ತಂದು, ಓದಿದ ಪುಸ್ತಕಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇನೆ ಅಂತ ಹೊರಟಿದ್ದೆ. ಮೂರು ನೋಟ್‌ಬುಕ್ ಹಾಳಾದವು. ಮೂರರಲ್ಲೂ ಮೊದಲ ಹತ್ತು ಹನ್ನೆರಡು ಪುಟ ಅಕ್ಷರ ಮುತ್ತಿನ ಹಾಗಿದೆ. ಆಮೇಲೆ ಬರೀ ಬಿಳಿ. ಮಳೆ ಪುಸ್ತಕದಲ್ಲಿ ಆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಬೆಳಿಗ್ಗೆ 8 ಗಂಟೆಗೆ ಅಳೆದು ಬರೆಯಲೇಬೇಕು, ಪೆನ್ನು ಹೇಗೂ ಕೈಯಲ್ಲಿರುತ್ತದೆ. ಪಕ್ಕದಲ್ಲಿ ಎರಡೂವರೆ ಇಂಚು ಅಗಲದ ಜಾಗ.

ಒಂದೆರಡು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಹಿಂದಿನ ದಿನದ್ದು ಒಂದೇ ವಿಷಯ. ಪುಸ್ತಕದ ಸಾಲನ್ನು ನಕಲು ಮಾಡುವ ಹಾಗಿಲ್ಲ, ನನ್ನ ಮಾತಲ್ಲೇ ಬರಬೇಕು. ಏನೂ ಇಲ್ಲದಿದ್ದರೆ ಒಂದು ಗೆರೆ ಎಳೆದು ಸುಮ್ನೆ ಏಳಬೇಕು. ಗೆರೆ ಜಾಸ್ತಿ ಇರುವ ತಿಂಗಳೂ ಇವೆ. ಕಾಫಿ ಕೊಯ್ಲಿನ ಜನವರಿಯಲ್ಲಂತೂ ಪೂರ್ತಿ ಗೆರೆ.

ಆಗಸ್ಟ್ ಮೊದಲ ವಾರದ ಪುಟ ತೆಗೆದುಕೊಂಡು ಕೂತಿದ್ದೇನೆ. ಈ ಒಂದು ವಾರ ಅದೃಷ್ಟಕ್ಕೆ ತುಂಬಿಕೊಂಡಿದೆ.

3ನೇ ತಾರೀಕು ಸೋಮವಾರ ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಪಕ್ಕದ ಕೊಡವರ ಮನೆಯಿಂದ ಮದ್ದು ಸೊಪ್ಪಿನ ಪಾಯಸ ಬಂತು. ಸೊಪ್ಪನ್ನು ಕುದಿಸಿದ ನೀರಿನ ಬಣ್ಣ ಗೊತ್ತಲ್ವಾ, ಕಡು ನೇರಳೆ. ಈ ದಿನಕ್ಕೆ ಸರಿಯಾಗಿ ಅದರಲ್ಲಿ ಹದಿನೆಂಟು ಥರದ ಔಷಧಿ ಸೇರುತ್ತದೆ ಅನ್ನೋದು ನಂಬಿಕೆ. ಮೈಸೂರಿನಿಂದ ಬಂದಿದ್ದ ತಂಗಿಯ ಮಗ ಎರಡು ಬಟ್ಟಲು ತಿಂದ. ಮಾರನೇ ದಿನ ಮೂತ್ರ ಕೆಂಪಗಾಗುತ್ತದೆ ಅಂತ ಅವನಿಗೆ ಹೇಳೋದನ್ನೇ ಎಲ್ಲರೂ ಮರೆತಿದ್ದೆವು. ಬೆಳಿಗ್ಗೆ ಬಚ್ಚಲಿನಿಂದ ಅವನು ಕೂಗಿದ್ದು ಕೆಲಸದವರ ಲೈನ್‌ಮನೆವರೆಗೂ ಕೇಳಿಸಿತು.

ಅವತ್ತು ರಾತ್ರಿ ನಿಘಂಟು ತಿರುವುತ್ತಾ ಕೂತಿದ್ದೆ. ಕಕ್ಕಡ ಅಂದರೆ ಕರ್ಕಾಟಕ, ಕಟಕ ರಾಶಿ. ಮಲಯಾಳಿಗಳ ಕರ್ಕಿಡಕ, ತುಳುವರ ಆಟಿ, ಎಲ್ಲ ಇದೇ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಇಷ್ಟು ಗೊತ್ತಿತ್ತು. ಕರ್ಕಾಟಕ ಅಂದರೆ ಏಡಿ ಅನ್ನೋದೂ ಗೊತ್ತಿತ್ತು. ಆದರೆ ನಾವು ಗದ್ದೆ ಬದುವಿನಲ್ಲಿ ಏಡಿ ಹಿಡಿದು ಚಟ್ನಿ ಅರೆಯೋದೂ ಇದೇ ತಿಂಗಳಲ್ಲಿ ಅನ್ನೋದು ಈ ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆಕಾಶದ ಏಡಿಗೂ ಗದ್ದೆಯ ಏಡಿಗೂ ಸಂಬಂಧ ಇಲ್ಲ, ಬಿಡಿ. ಆದರೂ ಖುಷಿಯಾಯಿತು. ಷರಾ: 'ಮೇಲೂ ಏಡಿ, ಕೆಳಗೂ ಏಡಿ.'

ಮಂಗಳವಾರ ಮಳೆ ನೀರು ಅಳೆಯುವ ಗಾಜು ಒಡೆಯಿತು. ಅಂಗಳದ ಕೆಳಗಿನ ಮೆಟ್ಟಿಲಲ್ಲಿ ಪಾಚಿ. ನಾನು ಜಾರಿದೆ, ಗಾಜು ಹೋಯಿತು, ನನಗೇನೂ ಆಗಲಿಲ್ಲ. ಅದೇ ದಿನ ಪೇಟೆಗೆ ಹೋಗಿ ಹೊಸದು ತಂದೆ. ಅಂಗಡಿಯವರು 'ಎಲ್ಲಾ ಒಂದೇ ಸಾರ್' ಅಂದರು. ನಾನೂ ನಂಬಿದೆ. ಬುಧವಾರ 1 ಇಂಚು 12 ಸೆಂಟು. ರಾತ್ರಿಯೆಲ್ಲ ಶೀಟಿನ ಮೇಲೆ ಆ ಪರಿ ಸದ್ದು ಕೇಳಿತ್ತು, ಇಷ್ಟೇನಾ ಅನ್ನಿಸಿತು. ಗುರುವಾರ 1 ಇಂಚು 56 ಸೆಂಟು. ಅಷ್ಟರಲ್ಲಿ ಅರ್ಧ ಮೈಲಿ ಆಚೆಯ ಗೆಳೆಯನ ಫೋನು. ಅವನಿಗೆ 4 ಇಂಚು 5 ಸೆಂಟು. ನಾನು ನನ್ನ ಲೆಕ್ಕ ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ತೋಟಕ್ಕೆ ಕೊಡೆ ಹಿಡಿದಿದ್ದೀರಾ' ಅಂದ.

ಕಾಗದ ಪೆನ್ಸಿಲ್ ಹಿಡಿದು ಕೂತೆ. ಮಳೆ ಮಾಪಕದ ಬಾಯಿ, ಅಂದರೆ ಆ ಆಲಿಕೆ, ಎಷ್ಟು ಅಗಲ ಇದೆಯೋ ಅದಕ್ಕೆ ತಕ್ಕ ಗಾಜೇ ಬೇಕು. ನಮ್ಮದು ಹಳೆಯದು, 5 ಇಂಚಿನ ಬಾಯಿ. ಹೊಸ ಗಾಜಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ 8 ಅಂತ ಕೊರೆದಿತ್ತು, ಅಂದರೆ 8 ಇಂಚಿನ ಬಾಯಿಗೆ ಮಾಡಿದ್ದು. ಎಂಟನ್ನು ಐದರಿಂದ ಭಾಗಿಸಿ, ಬಂದಿದ್ದನ್ನು ಅದರಿಂದಲೇ ಗುಣಿಸಿದರೆ 2.56. ಅಂದರೆ ನಾನು ಬರೆದ ಲೆಕ್ಕವನ್ನೆಲ್ಲ 2.56ರಿಂದ ಗುಣಿಸಬೇಕು. 1.56 ಹೋಗಿ 3.99 ಆಯಿತು. ಗೆಳೆಯನ ಲೆಕ್ಕಕ್ಕೆ ಆರೇ ಸೆಂಟು ಕಡಿಮೆ.

ಇದಕ್ಕಿಂತ ಒಳ್ಳೆಯ ಸಂಗತಿ ಆಮೇಲೆ ಸಿಕ್ಕಿತು. 5 ಇಂಚಿನ ಬಾಯಿಯ ವಿಸ್ತೀರ್ಣ 126.7 ಚದರ ಸೆಂಟಿಮೀಟರ್. ಅದರ ಮೇಲೆ 1 ಇಂಚು, ಅಂದರೆ 2.54 ಸೆಂಟಿಮೀಟರ್ ನೀರು ನಿಂತರೆ ಸುಮಾರು 322 ಮಿಲಿಲೀಟರ್. ಹಾಗಾದರೆ ಅಡಿಗೆ ಮನೆಯ ಅಳತೆ ಜಾರ್ ಸಾಕಲ್ಲ! ನೀರು ಸುರಿದು, ಎಷ್ಟು ಮಿಲಿಲೀಟರ್ ಇದೆಯೋ ಅದನ್ನು 322ರಿಂದ ಭಾಗಿಸಿದರೆ ಇಂಚು ಬಂತು. ಇಷ್ಟು ವರ್ಷ ಆ ಗೀಟು ಹಾಕಿದ ಗಾಜಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದೆವು! ಬರೆಯುವ ಹುರುಪಿನಲ್ಲಿ ಇನ್ನೊಂದು ಲೆಕ್ಕವನ್ನೂ ಮಾಡಿದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ 1 ಲಕ್ಷ 2 ಸಾವಿರ ಲೀಟರಿಗೂ ಮೇಲೆ. ಗುರುವಾರ ಒಂದೇ ದಿನ ನಮ್ಮ ಒಂದೊಂದು ಎಕರೆ ಮೇಲೂ ನಾಲ್ಕು ಲಕ್ಷ ಲೀಟರ್ ಸುರಿದು ಹೋಗಿದೆ. ಏಪ್ರಿಲ್‌ನಲ್ಲಿ ಹೂವಿಗೆ ನೀರು ಹಾಯಿಸೋಕೆ ಡೀಸೆಲ್ ಸುಟ್ಟಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ಇದರ ನಡುವೆ ಪುಸ್ತಕದ ಬೀರುವಿನ ಕಥೆ. ಕೊಡಗಿನ ಮಳೆಗಾಲದಲ್ಲಿ ಪುಸ್ತಕ ಓದೋದಕ್ಕಿಂತ ಅದನ್ನು ಬೂಷ್ಟಿನಿಂದ ಉಳಿಸಿಕೊಳ್ಳೋದೇ ದೊಡ್ಡ ಕೆಲಸ. ಬೀರುವಿನ ಒಳಗೆ ಬಲ್ಬು ಉರಿಸಿಡೋದು ಇಲ್ಲಿ ಎಲ್ಲರ ಮನೆಯ ಉಪಾಯ. ಕಳೆದ ವರ್ಷ ಬಲ್ಬು ಹೋದಾಗ ಕರೆಂಟ್ ಉಳಿಸೋಣ ಅಂತ 9 ವ್ಯಾಟಿನ ಎಲ್‌ಇಡಿ ಹಾಕಿದ್ದೆ. ಈ ವರ್ಷ ನೋಡಿದರೆ ಕೆಳಗಿನ ಸಾಲಿನ ಪುಸ್ತಕಗಳಿಗೆಲ್ಲ ಹಸಿರು ಬೂದಿ ಬಳಿದ ಹಾಗಿದೆ. ಬುಧವಾರ ಕೈ ಒಳಗಿಟ್ಟು ನೋಡಿದೆ. ತಣ್ಣಗಿದೆ. ಪೆದ್ದತನ ಆಗ ಗೊತ್ತಾಯಿತು. ಬೀರುವಿಗೆ ಬೇಕಿದ್ದದ್ದು ಬೆಳಕಲ್ಲ, ಬಿಸಿ. ಹಳೆಯ ತಂತಿಯ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಅದು ಬೆಳಕು ಕೊಡುವ ಸಣ್ಣ ಒಲೆ. ಕೊನೆಗೆ ಮೂಲೆಯಂಗಡಿಯಲ್ಲಿ ಹಳೆಯ ತಂತಿಯ ಝೀರೋ ಬಲ್ಬು ಒಂದು ಸಿಕ್ಕಿತು. ಹೆಸರಿಗೆ ಝೀರೋ, ತಿನ್ನೋದು 15 ವ್ಯಾಟಿನ ಹತ್ತಿರ. ಪುಸ್ತಕಕ್ಕೆ ತಾಗದ ಹಾಗೆ ಗೇಣು ದೂರ ಕಟ್ಟಿದ್ದೇನೆ.

ಶುಕ್ರವಾರ ಸ್ವಲ್ಪ ಹೊಳವಾಯಿತು. ಹಿಂದಿನ ರಾತ್ರಿ ಕಾಫಿ ರೋಗಗಳ ಬಗ್ಗೆ ಹಳೆಯ ಪುಸ್ತಕವೊಂದನ್ನು ಓದಿದ್ದೆ. ಅದರಲ್ಲಿ ಸಿಕ್ಕಿದ ಒಂದು ಹೆಸರು ನಿದ್ದೆ ಕೆಡಿಸಿತ್ತು. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಇಟ್ಟ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ಕೊಳೆರೋಗ! ನಮ್ಮ ತೋಟದ ಕೆಲಸದವರು ಹೇಳುವ ಮಾತೇ ಲ್ಯಾಟಿನ್ ಹೆಸರಿನೊಳಗೆ ಹೋಗಿ ಕೂತಿದೆ. ಮುಂದೆ ವಿಜ್ಞಾನಿಗಳು ಹೆಸರು ಬದಲಾಯಿಸಿದರು, ಆ ಮಾತು ಬೇರೆ.

ಅದೇ ಗುಂಗಿನಲ್ಲಿ ತೋಟಕ್ಕೆ ಇಳಿದೆ. ಅರೇಬಿಕಾ ಇರುವ ತಗ್ಗಿನ ಜಾಗ, ಮಂಜು ಬಿಡದ ಕಡೆ. ಒಂದು ಗಿಡದಲ್ಲಿ ಎಲೆ ಕಪ್ಪಾಗಿತ್ತು. ಹತ್ತಿರ ಹೋಗಿ ನೋಡಿದೆ. ತೊಟ್ಟು ಕೊಂಬೆಯಿಂದ ಬಿಟ್ಟಿದೆ, ಆದರೂ ಎಲೆ ಬಿದ್ದಿಲ್ಲ. ಕೂದಲಿನಷ್ಟು ತೆಳ್ಳಗಿನ, ಅಂಟಂಟಾದ ಒಂದು ಎಳೆಯಲ್ಲಿ ನೇತಾಡುತ್ತಿದೆ. ಉಫ್ ಅಂದೆ, ಗಿರ್ರನೆ ತಿರುಗಿತು. ಎಲೆಯನ್ನು ಕೊಂದ ಶಿಲೀಂಧ್ರವೇ ಅದನ್ನು ಬೀಳದ ಹಾಗೆ ಹಿಡಿದು ನಿಲ್ಲಿಸಿದೆ. ಪ್ರತಿ ವರ್ಷ ನೋಡಿದ್ದೇ. ಆದರೆ ಜೇಡರ ಬಲೆಗೆ ಸಿಕ್ಕಿಕೊಂಡಿದೆ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅಂಥ ಎಲೆಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದೆ, ಗಿಡದ ನಡುವೆ ಗಾಳಿಯಾಡುವ ಹಾಗೆ ಚಿಗುರು ಬಿಡಿಸಿದೆ.

ಆ ಪುಸ್ತಕ ನನ್ನ ಇನ್ನೊಂದು ಹಳೆಯ ತಪ್ಪನ್ನೂ ಎತ್ತಿ ಹಾಕಿತು. ಅಡಿಕೆಗೂ ಕೊಳೆರೋಗ ಬರುತ್ತದಲ್ಲ, ಅದೂ ಇದೂ ಒಂದೇ ಅಂತ ನಾನು ನಂಬಿದ್ದೆ. ನಂಬೋದಕ್ಕೆ ಕಾರಣವೂ ಇತ್ತು. ಎರಡಕ್ಕೂ ಅಪ್ಪ ಹೊಡೆಯುತ್ತಿದ್ದದ್ದು ಒಂದೇ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕೊನೆಗೆ ಚಾಕು ಅದ್ದಿ ನೋಡೋದು, ಅದಕ್ಕೆ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ. ಮದ್ದು ಒಂದೇ ಆದ್ದರಿಂದ ರೋಗವೂ ಒಂದೇ ಅಂದುಕೊಂಡೆ. ಅಡಿಕೆಯದ್ದು ಬೇರೆಯೇ ಜೀವಿ, ಫೈಟಾಫ್ತೊರಾ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ನಾನು ಮಾತ್ರ ಹತ್ತು ವರ್ಷದ ಹಿಂದೆ, ಅಡಿಕೆಯಿಂದ ಕಾಫಿಗೆ ಅಂಟುತ್ತದೆ ಅಂತ ತಗ್ಗಿನಲ್ಲಿದ್ದ ನಾಲ್ಕು ಮರ ಕಡಿಸಿದ್ದೆ. ಅವತ್ತು ಅಮ್ಮ ಎಲೆಅಡಿಕೆ ತಟ್ಟೆ ಕುಕ್ಕಿದ ಸದ್ದು ಈಗಲೂ ಕಿವಿಯಲ್ಲಿದೆ. ಷರಾದಲ್ಲಿ 'ಹೆಸರು ಒಂದೇ, ರೋಗ ಎರಡು. 4 ಮರ' ಅಂತ ಬರೆದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಶನಿವಾರ ಕರೆಂಟ್ ಇಲ್ಲ. ಎಮರ್ಜೆನ್ಸಿ ಲೈಟಿನಲ್ಲಿ ಕೊಡಗಿನ ಗೌರಮ್ಮನ ಕಥೆಗಳನ್ನು ಓದಿದೆ. ಹುಟ್ಟಿದ್ದು 1912ರಲ್ಲಿ ಮಡಿಕೇರಿಯಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡದ್ದು 1939ರಲ್ಲಿ. ಅವರ ಗಂಡ ಕೆಲಸಕ್ಕಿದ್ದ ಗುಂಡುಕುಟ್ಟಿ ತೋಟ ನಮ್ಮಿಂದ ದೂರವೇನಲ್ಲ, ಸುಂಟಿಕೊಪ್ಪದ ಕಡೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಈ ಹುಡುಗಿ ಉಪವಾಸ ಕೂತಿದ್ದರು. ಬಂದ ಮೇಲೆ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಇದೆಲ್ಲ ಶಾಲೆಯಲ್ಲಿ ಕೇಳಿದ್ದೇ. ನನಗೆ ಅವತ್ತು ಹೊಸದಾಗಿ ಕಂಡದ್ದು ಅವರ ಸಹಿ. ಕಥೆಗಳಿಗೆ ಹಾಕುತ್ತಿದ್ದದ್ದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ. ಬರೆದವರ ಹೆಸರೇ ಅದರಲ್ಲಿಲ್ಲ. ಪುಸ್ತಕ ಮುಚ್ಚಿದ ಮೇಲೂ ಅದು ಮನಸ್ಸಿನಿಂದ ಹೋಗಲಿಲ್ಲ.

ಭಾನುವಾರ ತಪ್ಪು ಲೆಕ್ಕಗಳನ್ನು ತಿದ್ದೋಕೆ ಕೂತವನು, ಹಳೇ ರಿಜಿಸ್ಟರುಗಳನ್ನೂ ಎಳೆದು ಹಾಕಿಕೊಂಡೆ. ಎಲ್ಲದರ ರಟ್ಟಿನ ಮೇಲೂ ಅಪ್ಪನ ಹೆಸರು. ಒಳಗೆ ಎರಡು ಥರದ ಅಂಕಿ. ಜನವರಿಯಿಂದ ಮೇವರೆಗೆ ನೆಟ್ಟಗಿನ, ಒತ್ತಿ ಬರೆದ ಅಂಕಿ. ಜೂನ್ ಬಂದ ಕೂಡಲೇ ಅಂಕಿ ದುಂಡಗಾಗುತ್ತದೆ, 2ರ ಕೆಳಗೆ ಸಣ್ಣ ಸುರುಳಿ ಬರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ನೆಟ್ಟಗೆ. ವರ್ಷ ವರ್ಷವೂ ಹೀಗೇ. ಆ ಸುರುಳಿಯನ್ನು ಎಲ್ಲೋ ನೋಡಿದ್ದೇನಲ್ಲ ಅಂತ ಅಡಿಗೆ ಮನೆಗೆ ಹೋದೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಿತ್ತು. 2 ಲೀಟರ್, 2 ಲೀಟರ್, ಒಂದೂವರೆ, 2 ಲೀಟರ್. ಅದೇ ಸುರುಳಿ.

ಅಮ್ಮನನ್ನು ಕೇಳಿದೆ. ತಲೆ ಎತ್ತದೆ ಹೇಳಿದರು: 'ಮಳೆಯಲ್ಲಿ ಬೆಳಿಗ್ಗೆ ಎದ್ದು ಹೋಗೋರು ಯಾರು? ನಿಮ್ಮಪ್ಪನಿಗೆ ಕಫ. ಹೂ ಮಳೆ ಬಂದರೆ ಮಾತ್ರ ಪಂಚೆ ಎತ್ತಿಕೊಂಡು ಓಡುತ್ತಿದ್ದರು.'

2018ರ ಪುಟ ತೆಗೆದು ಮುಂದಿಟ್ಟೆ. ಆಗಸ್ಟ್ 15, 16, 17. ಗುಡ್ಡಗಳು ಜಾರಿದ ದಿನಗಳು. ಆ ಮೂರು ದಿನದ ಸಾಲೂ ಖಾಲಿ. ಹೆದರಿಕೆಯಿಂದ ಯಾರೂ ಹೊರಗೆ ಹೋಗಿರಲಿಕ್ಕಿಲ್ಲ ಅಂತ ನಾನು ಅಂದುಕೊಂಡಿದ್ದೆ. 'ಹೋಗಿದ್ದೆನಲ್ಲ' ಅಂದರು ಅಮ್ಮ. 'ಡಬ್ಬಿ ಉಕ್ಕಿ ಹರಿದು ಹೋಗಿತ್ತು. ಸುಳ್ಳು ಯಾಕೆ ಬರೆಯೋದು ಅಂತ ಬಿಟ್ಟೆ.'

ಸೋಮವಾರ ಬೆಳಿಗ್ಗೆ ಅಡಿಗೆ ಮನೆಯ ಜಾರ್‌ನಲ್ಲಿ 757 ಮಿಲಿಲೀಟರ್. 2 ಇಂಚು 35 ಸೆಂಟು. ಬರೆದು ಮುಗಿಸುವಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಇಡೀ ವಾರದ ಷರಾ ಓದಿದರು. ನಾಲ್ಕು ಮರದ ಹತ್ತಿರ ಬೆರಳು ಸ್ವಲ್ಪ ನಿಂತಿತು, ಏನೂ ಅನ್ನಲಿಲ್ಲ. ಆಮೇಲೆ ಪೆನ್ನು ಇಸಕೊಂಡು ಅವತ್ತಿನ ಸಾಲಿನ ಮುಂದೆ ದುಂಡಗೆ ಬರೆದರು: 'ಮೆಟ್ಟಿಲಿನ ಪಾಚಿ ಉಜ್ಜಬೇಕು.'