‘ಬ್ಲ್ಯಾಕ್‌ಮೇಲ್’ ಚಿತ್ರದ ಕನ್ನಡಿ ತಂತ್ರ: ಮಾಡುವುದು ಹೇಗೆ

1929ರ ಈ ಬ್ರಿಟಿಷ್ ಚಿತ್ರದ ಕೊನೆಯಲ್ಲಿ ಬ್ಲ್ಯಾಕ್‌ಮೇಲ್ ಮಾಡುವ ಟ್ರೇಸಿ ಬ್ರಿಟಿಷ್ ಮ್ಯೂಸಿಯಂನೊಳಗೆ ಓಡುತ್ತಾನೆ, ಪೊಲೀಸರು ಬೆನ್ನಟ್ಟುತ್ತಾರೆ. ಅಲ್ಲಿ ಶೂಟಿಂಗ್‌ಗೆ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ನಿರ್ದೇಶಕ ಹಿಚ್‌ಕಾಕ್ ಅರ್ಧ ಗಂಟೆ ಎಕ್ಸ್‌ಪೋಷರ್ ಕೊಟ್ಟು ಕೋಣೆಗಳ ಫೋಟೊ ತೆಗೆಸಿ, ಕನ್ನಡಿಯೊಂದರಲ್ಲಿ ನಟರ ಜೊತೆ ಬೆಸೆದರು. ಜರ್ಮನಿಯ ಛಾಯಾಗ್ರಾಹಕ ಶುಫ್ಟಾನ್ ರೂಪಿಸಿದ ವಿಧಾನ ಇದು: ಕನ್ನಡಿಯ ಲೇಪವನ್ನು ಒಂದಿಷ್ಟು ಕೆರೆದರೆ ಆ ಗಾಜಿನ ಮೂಲಕ ನಟರು ಕಾಣುತ್ತಾರೆ, ಉಳಿದ ಕನ್ನಡಿಯಲ್ಲಿ ಪಕ್ಕದ ಫೋಟೊದ ಬಿಂಬ ಕಾಣುತ್ತದೆ. ಕಂಪ್ಯೂಟರ್ ಇಲ್ಲದೆ ಕ್ಯಾಮೆರಾದೊಳಗೇ ಚಿತ್ರ ಪೂರ್ತಿಯಾಗುವ ಈ ಸೊಗಸನ್ನು ಒಮ್ಮೆಯಾದರೂ ಕೈಯಾರೆ ಮಾಡಬೇಕು.

ಮ್ಯೂಸಿಯಂನಂಥ ಒಳಾಂಗಣದ ಫೋಟೊವನ್ನು 7 × 4 ಅಡಿ ಬ್ಯಾಕ್‌ಲಿಟ್ (ಹಿಂದಿನಿಂದ ಬೆಳಗಿಸುವ) ಫ್ಲೆಕ್ಸ್‌ನಲ್ಲಿ ಪ್ರಿಂಟ್ ಮಾಡಿಸಿ. ಎಡಬಲ ತಿರುಗಿಸಿಯೇ ಕೊಡಿ, ಕನ್ನಡಿ ಅದನ್ನು ಮತ್ತೆ ತಿರುಗಿಸುತ್ತದೆ. ಹಿಂದೆ ಎಲ್‌ಇಡಿ ಟ್ಯೂಬ್‌ಗಳಿರಲಿ. ಫುಲ್‌ಫ್ರೇಮ್ (36 × 24 ಮಿ.ಮೀ. ಸೆನ್ಸರ್‌ನ) ಕ್ಯಾಮೆರಾ, 50 ಎಂಎಂ ಲೆನ್ಸ್, ಗಟ್ಟಿ ಟ್ರೈಪಾಡ್. ಕ್ಯಾಮೆರಾದಿಂದ 40 ಸೆಂ.ಮೀ. ಮುಂದೆ 60 × 40 ಸೆಂ.ಮೀ. ಕನ್ನಡಿ, 45 ಡಿಗ್ರಿ ಓರೆಯಾಗಿ. ಫ್ಲೆಕ್ಸ್ ಪಕ್ಕದಲ್ಲಿ, ಕನ್ನಡಿಯಿಂದ 2.3 ಮೀಟರ್ ದೂರ. ನಟರು ನೇರ ಎದುರಿಗೆ, ಕ್ಯಾಮೆರಾದಿಂದ 5 ಮೀಟರ್ ಆಚೆ, ಒಂದು ಬಾಗಿಲಿನ ಸೆಟ್‌ನಲ್ಲಿ.

ಕೆಲಸವೆಲ್ಲ ಇರುವುದು ಫೋಟೊ ಮತ್ತು ನಟರ ದೃಶ್ಯ ಸೇರುವ ಗಡಿಯಲ್ಲಿ. ಕೆರೆಯುವ ಮೊದಲು ಕನ್ನಡಿಯ ಆಚೆಗಿನದು ಕಾಣುವುದಿಲ್ಲವಲ್ಲ, ಅದಕ್ಕೇ ಅದೇ ಜಾಗದಲ್ಲಿ ಅದೇ ಅಳತೆಯ ಬರಿ ಗಾಜು ನಿಲ್ಲಿಸಿ. ವ್ಯೂಫೈಂಡರ್‌ನಲ್ಲಿ ಒಬ್ಬರು ನೋಡುತ್ತ ಹೇಳಲಿ, ಇನ್ನೊಬ್ಬರು ಬಾಗಿಲಿನ ಅಂಚನ್ನು ಗಾಜಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಲಿ. ಆ ಗೆರೆಯನ್ನು ಕನ್ನಡಿಯ ಬೆನ್ನಿಗೆ ಇಳಿಸಿಕೊಂಡು ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಎದ್ದ ಮೇಲೆ ಬ್ಲೇಡನ್ನು ಮಲಗಿಸಿ ಹಿಡಿದು ಗೆರೆಯ ಒಳಗಿನ ಬೆಳ್ಳಿ ಲೇಪವನ್ನು ಕೆರೆಯಿರಿ. ಗಡಿ ಗೋಡೆಯ ಮೂಲೆಯಲ್ಲೋ ಕಂಬದ ಅಂಚಿನಲ್ಲೋ ಅಡಗಲಿ.

ಅಪರ್ಚರ್ (ಲೆನ್ಸ್ ತೆರೆಯುವ ಅಳತೆ) ಎಫ್/16, ಫೋಕಸ್ 5 ಮೀಟರಿಗೆ. ಇದಕ್ಕಿಂತ ಅಪರ್ಚರ್ ತೆರೆದರೆ ಫೋಟೊ ಮಸುಕಾಗುತ್ತದೆ. ಬೆಳಕು ಸಾಲದಿದ್ದರೆ ಲೈಟ್ ಹೆಚ್ಚಿಸಿ. ಕೆರೆದ ಅಂಚು ಮಾತ್ರ ಸುಮಾರು 3 ಮಿ.ಮೀ. ಮಸುಕಾಗುತ್ತದೆ, ಬೆಸುಗೆ ಮರೆಯಾಗುವುದೇ ಅದರಿಂದ.

ನಟನ ಮೈಮೇಲೆ ಫೋಟೊದ ನೆರಳು ತೇಲಿದರೆ ಕಾರಣ ಬರಿ ಗಾಜು: ಲೇಪ ಹೋದರೂ ಅದು ಸ್ವಲ್ಪ ಪ್ರತಿಫಲಿಸುತ್ತದೆ. ಫ್ಲೆಕ್ಸ್‌ನಲ್ಲಿ ಆ ಗಾಜಿನಲ್ಲಿ ಬಿಂಬವಾಗುವ ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಿ. ಕೈ ಗಡಿ ದಾಟಿದರೆ ಕತ್ತರಿಸಿದಂತೆ ಮಾಯವಾಗುತ್ತದೆ, ಆದ್ದರಿಂದ ನೆಲದ ಮೇಲೆ ಟೇಪ್ ಅಂಟಿಸಿ ನಟನಿಗೆ ಎಲ್ಲೆ ತೋರಿಸಿ. ಫೋಟೊದಲ್ಲಿ ಬೆಳಕು ಎಡದಿಂದ ಬಿದ್ದಂತೆ ಕನ್ನಡಿಯಲ್ಲಿ ಕಂಡರೆ ನಟನಿಗೂ ಎಡದಿಂದಲೇ ಬೀಳಲಿ.